ಮರಳದ ವೀರರು: ಕೊಡಗಿನ ಕಥನಗಳಲ್ಲಿ ವೀರಯಾತ್ರೆಯ ರೂಪ

ಫ್ಯಾಂಟಸಿ ಕಾದಂಬರಿ ಬರೆಯಹೊರಟವರಿಗೆ ಇವತ್ತು ಸಿದ್ಧವಾಗಿ ಸಿಗುವ ನಕ್ಷೆ ಹೆಚ್ಚುಕಡಿಮೆ ಒಂದೇ. ಎಳೆಯ ನಾಯಕನೊಬ್ಬ ಊರು ಬಿಡುತ್ತಾನೆ. ದಾರಿಯಲ್ಲಿ ಗುರು, ಗೆಳೆಯರು, ಹಗೆಗಳು ಎದುರಾಗುತ್ತಾರೆ. ಕಗ್ಗಾಡಿನ ನಡುವೆ ಸಾವಿನ ಬಾಯಿಗೆ ಹೋಗಿ ಬಂದು, ದಕ್ಕಿದ್ದನ್ನು ಹೊತ್ತುಕೊಂಡು ಮನೆಗೆ ಮರಳುತ್ತಾನೆ. ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಹೊರತಂದ ಗ್ರಂಥದಲ್ಲಿ ಇದನ್ನು ನಿರ್ಗಮನ, ದೀಕ್ಷೆ, ಪುನರಾಗಮನ ಎಂದು ಮೂರು ಘಟ್ಟಗಳಾಗಿ ಬಿಡಿಸಿಟ್ಟರು. 1980ರ ದಶಕದಲ್ಲಿ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಹಾಲಿವುಡ್ಡಿನ ಚಿತ್ರಕಥೆಗಾರರಿಗಾಗಿ ಕೆಲವೇ ಪುಟಗಳ ಟಿಪ್ಪಣಿಯಾಗಿ ಇಳಿಸಿದರು. ಅಲ್ಲಿಂದ ಅದು ಬರವಣಿಗೆಯ ಕಮ್ಮಟಗಳಿಗೆ ಬಂತು. ಈಗ ಕನ್ನಡದಲ್ಲೂ ಓಡಾಡುತ್ತಿದೆ.

ಈ ಲೇಖನದ ಪ್ರಶ್ನೆ ಚಿಕ್ಕದು. ಕೊಡಗನ್ನು ನೆಲೆಯಾಗಿಟ್ಟುಕೊಂಡು ವೀರಯಾತ್ರೆಯ ಕಥೆ ಕಟ್ಟುವವರಿಗೆ ಈ ನಕ್ಷೆ ಎಷ್ಟರಮಟ್ಟಿಗೆ ಒದಗುತ್ತದೆ? ಕೊಡಗಿನದೇ ಹಾಡು, ಪುರಾಣ, ಆಚರಣೆಗಳನ್ನು ಎದುರಿಗಿಟ್ಟು ನೋಡಿದರೆ ಮೊದಲ ಎರಡು ಘಟ್ಟ ಒದಗುತ್ತವೆ, ಮೂರನೆಯದು ಬಹುಮಟ್ಟಿಗೆ ಒದಗುವುದಿಲ್ಲ ಎಂಬುದು ನನ್ನ ತೀರ್ಮಾನ. ಇಲ್ಲಿನ ವೀರ ಮರಳುವುದಿಲ್ಲ. ಹೋದಲ್ಲಿ ನೆಲೆ ನಿಲ್ಲುತ್ತಾನೆ, ಇಲ್ಲವೇ ಸತ್ತು ದೈವವಾಗುತ್ತಾನೆ.

ಮುಖ್ಯ ಆಕರ ‘ಪಟ್ಟೋಲೆ ಪಳಮೆ’. ನಡಿಕೇರಿಯಂಡ ಚಿಣ್ಣಪ್ಪನವರು (1875–1931) ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಈ ಗ್ರಂಥ ಕನ್ನಡ ಲಿಪಿಯಲ್ಲಿ ಅಚ್ಚಾದ, ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಪುಸ್ತಕ. ಅದರ ಬಹುಪಾಲು ಹಾಡುಗಳೇ. ಮದುವೆ, ಸಾವು, ಪುತ್ತರಿ (ಸುಗ್ಗಿಯ ಹಬ್ಬ), ದೇವರು, ಹೆಸರಾದ ವೀರರು ಎಲ್ಲಕ್ಕೂ ಅಲ್ಲಿ ಪಾಟ್ (ಹಾಡು) ಉಂಟು. ಸಂಗ್ರಾಹಕರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಇದನ್ನು ಇಂಗ್ಲಿಷಿಗೆ ತಂದು 2003ರಲ್ಲಿ ಪ್ರಕಟಿಸಿದ ಮೇಲೆ ಹೊರಗಿನವರ ಕಣ್ಣಿಗೂ ಬಿತ್ತು. ಇದಕ್ಕೂ ಹಿಂದೆ 1870ರಲ್ಲೇ ಬಾಸೆಲ್ ಮಿಷನ್ನಿನ ಗ್ರೇಟರ್ ಕೊಡಗಿನ ಕೆಲವು ಹಾಡುಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಅದೇ ವರ್ಷ ರಿಕ್ಟರ್ ಬರೆದ ಕೊಡಗಿನ ಕೈಪಿಡಿಯೂ ಹೊರಬಂತು.

ಅಚ್ಚಿನಲ್ಲಿ ಓದುವಾಗ ಒಂದು ಸಂಗತಿ ಮರೆತುಹೋಗುತ್ತದೆ. ಈ ಹಾಡುಗಳು ನಾಲ್ವರು ಗಂಡಸರು ದುಡಿ ಬಡಿಯುತ್ತ ಹಾಡುವಂಥವು. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಮರಳಿ ಹಾಡುತ್ತಾರೆ. ಹೀಗಾಗಿ ಕಥೆ ಓಡುವುದಿಲ್ಲ, ನಡೆಯುತ್ತದೆ. ಪ್ರತಿ ಸಾಲಿಗೂ ಎರಡು ಬಾರಿ ಕಿವಿಗೊಟ್ಟ ಕೇಳುಗನಿಗೆ ‘ಮುಂದೇನಾಯಿತು’ ಎಂಬ ತವಕ ಕಡಿಮೆ. ಆಗುವುದೇನೆಂದು ಅವನಿಗೆ ಮೊದಲೇ ಗೊತ್ತು. ಫ್ಯಾಂಟಸಿ ಕಾದಂಬರಿಯ ಓದುಗನ ನಿರೀಕ್ಷೆ ಇದಕ್ಕೆ ತೀರಾ ತದ್ವಿರುದ್ಧ. ಈ ಅಂತರವನ್ನು ಗಮನಿಸದೆ ಹಾಡಿನಿಂದ ‘ಕಥಾಸಾರ’ವನ್ನು ಮಾತ್ರ ಹಿಂಡಿಕೊಂಡರೆ ಕೈಗೆ ಸಿಗುವುದು ಅರ್ಧ ಪುಟ.

ಈಗ ಯಾತ್ರೆಗಳಿಗೆ ಬರೋಣ.

ಕೊಡಗಿನ ಅತ್ಯಂತ ಪೂರ್ಣ ವೀರಯಾತ್ರೆ ಸಿಗುವುದು ಹಾಡಿನಲ್ಲಲ್ಲ, ಸ್ಕಾಂದ ಪುರಾಣದ ಭಾಗವೆಂದು ಹೇಳಿಕೊಳ್ಳುವ ಕಾವೇರಿ ಮಾಹಾತ್ಮ್ಯದಲ್ಲಿ. ಮತ್ಸ್ಯ ದೇಶದ ದೊರೆ ಸಿದ್ಧಾರ್ಥನಿಗೆ ನಾಲ್ವರು ಗಂಡುಮಕ್ಕಳು, ಕೊನೆಯವನು ಚಂದ್ರವರ್ಮ. ಕಿರಿಯನಿಗೆ ಪಟ್ಟದ ಆಸೆಗೆ ಎಡೆಯಿಲ್ಲ. ಮನೆ ಬಿಟ್ಟು ತೀರ್ಥದಿಂದ ತೀರ್ಥಕ್ಕೆ ಅಲೆದು ಕೊನೆಗೆ ಬ್ರಹ್ಮಗಿರಿಗೆ ಬಂದು ಪಾರ್ವತಿಯನ್ನು ಕುರಿತು ತಪಸ್ಸು ಮಾಡುತ್ತಾನೆ. ದೇವಿ ಒಲಿದು ಖಡ್ಗವನ್ನೂ ಕುದುರೆಯನ್ನೂ ಕೊಡುತ್ತಾಳೆ, ರಾಜ್ಯವನ್ನೂ ದಯಪಾಲಿಸುತ್ತಾಳೆ. ಇಲ್ಲಿಯವರೆಗೆ ಎಲ್ಲವೂ ನಕ್ಷೆಯ ಪ್ರಕಾರವೇ: ಕಿರಿಯ ಮಗ, ಅಲೆದಾಟ, ದೈವಸಹಾಯ, ಮಾಂತ್ರಿಕ ಆಯುಧ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಜನಪದ ಕಥೆಗಳಿಗೆ ಹೇಳಿದ 31 ಕಾರ್ಯಗಳಲ್ಲಿ ಹಲವನ್ನು ಇಲ್ಲಿ ಬೆರಳು ಮಡಿಚಿ ಎಣಿಸಬಹುದು.

ಆದರೆ ಒಂದು ವರವನ್ನು ದೇವಿ ಕೇಳಿದ ಹಾಗೆ ಕೊಡುವುದಿಲ್ಲ. ತನ್ನ ಕುಲದ ಹೆಂಡತಿ ಬೇಕೆಂದು ಅವನು ಕೇಳಿದರೆ, ಹಿಂದಿನ ಜನ್ಮದ ಕರ್ಮದಿಂದಾಗಿ ಅದು ಆಗದೆಂದು ಹೇಳಿ ಶೂದ್ರ ಕನ್ಯೆಯೊಬ್ಬಳನ್ನು ಕೊಡುತ್ತಾಳೆ. ಅವರಿಗೆ ಹನ್ನೊಂದು ಗಂಡುಮಕ್ಕಳು, ಹಿರಿಯ ದೇವಕಾಂತ. ಸಂತತಿ ಬೆಳೆದು ನೆಲ ಸಾಲದಾದಾಗ ಅವರು ಬೆಟ್ಟದ ಇಳಿಜಾರುಗಳನ್ನು ಹಂದಿಗಳ ಹಾಗೆ ಕೈಯಿಂದಲೇ ಬಗೆದು ಗದ್ದೆ ಮಾಡುತ್ತಾರೆ. ಚಂದ್ರವರ್ಮ ಮತ್ಸ್ಯ ದೇಶದ ಕಡೆಗೆ ತಲೆ ಹಾಕುವುದೂ ಇಲ್ಲ. ತಂದೆಗೆ ಮುಖ ತೋರಿಸುವುದಿಲ್ಲ, ಅಣ್ಣಂದಿರ ಎದುರು ಬೀಗುವುದಿಲ್ಲ. ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೋಗುತ್ತಾನೆ. ಕಥೆಯ ಶಿಖರ ಅವನ ಕಾಲ ಮುಗಿದ ಮೇಲೆ, ಮಗನ ಕಾಲದಲ್ಲಿ ಬರುತ್ತದೆ. ಕಾವೇರಿ ನದಿಯಾಗಿ ಧುಮ್ಮಿಕ್ಕಿ ಬಲಮುರಿಯಲ್ಲಿ ನಿಂತಿದ್ದ ಹೆಂಗಸರ ಸೀರೆಯ ನಿರಿಗೆಗಳನ್ನು ಹಿಂದಕ್ಕೆ ತಳ್ಳುತ್ತಾಳೆ. ಕೊಡಗಿನ ಹೆಣ್ಣುಮಕ್ಕಳು ಇವತ್ತಿಗೂ ನಿರಿಗೆಯನ್ನು ಹಿಂದೆ ಹಿಡಿದು ಸೀರೆ ಉಡುವುದಕ್ಕೆ ಕೊಡುವ ಕಾರಣ ಅದೇ.

ಈ ಪುರಾಣ ಕುಲದ ಮೂಲವನ್ನು ಸಂಸ್ಕೃತದ ಚೌಕಟ್ಟಿಗೆ ಹೊಂದಿಸುವ ಪ್ರಯತ್ನ ಎಂಬುದು ಸ್ಪಷ್ಟ. ಚರಿತ್ರೆಯೆಂದು ಅದನ್ನು ಓದಬೇಕಾದ್ದಿಲ್ಲ. ಕಥೆಗಾರನಿಗೆ ಮುಖ್ಯವಾದ್ದು ಅದರ ಜೋಡಣೆ: ಯಾತ್ರೆ ಒಬ್ಬನದು, ಫಲ ಇನ್ನೊಂದು ತಲೆಮಾರಿನದು.

ಇಗ್ಗುತ್ತಪ್ಪನ ಕಥೆಯಲ್ಲಿ ಇದೇ ಗುಣ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಮಲೆಯಾಳದ ಕಡೆಯಿಂದ ಬಂದ ಆರು ಅಣ್ಣತಮ್ಮಂದಿರು, ಒಬ್ಬ ತಂಗಿ. ಕೆಲವರು ಘಟ್ಟದ ಕೆಳಗೇ ನಿಂತರು. ಉಳಿದವರಲ್ಲಿ ತಿರುನೆಲ್ಲಿ ಪೆಮ್ಮಯ್ಯ ವಯನಾಡಿನಲ್ಲಿ, ಪಾಲೂರಪ್ಪ ಪಾಲೂರಿನಲ್ಲಿ, ಇಗ್ಗುತ್ತಪ್ಪ ಕಕ್ಕಬ್ಬೆಯ ಪಾಡಿಯಲ್ಲಿ, ತಂಗಿ ಪನ್ನಂಗಾಲತಮ್ಮೆ ಅಲ್ಲೇ ಹತ್ತಿರದಲ್ಲಿ ನೆಲೆಯಾದರು. ಹಾಗೆ ನೋಡಿದರೆ ಇದು ಒಬ್ಬ ನಾಯಕನ ಯಾತ್ರೆಯೇ ಅಲ್ಲ, ಒಂದು ಕುಟುಂಬ ಹಂಚಿಹೋದ ಕಥೆ. ಯಾರೂ ಹಿಂದಿರುಗಲಿಲ್ಲ, ಎಲ್ಲಿ ನಿಂತರೋ ಅಲ್ಲಿಗೆ ದೇವರಾದರು. ಮಳೆ-ಬೆಳೆಯ ದೇವರಾದ ಇಗ್ಗುತ್ತಪ್ಪನ ಸನ್ನಿಧಿಯಲ್ಲೇ ಪ್ರತಿವರ್ಷ ಪುತ್ತರಿಯ ದಿನ ಮತ್ತು ಕದಿರು ಕೊಯ್ಯುವ ಮುಹೂರ್ತ ನಿಶ್ಚಯವಾಗುತ್ತದೆ. ಕ್ಯಾಂಪ್‌ಬೆಲ್ಲರ ಭಾಷೆಯಲ್ಲಿ ವೀರ ಹೊತ್ತು ತರುವ ಪ್ರಸಾದ ಏನಿದೆಯೋ ಅದು ಇಲ್ಲಿ ಒಂದು ಪಂಚಾಂಗ.

ಘಟ್ಟದ ಕೆಳಗಿನ ಕೋಟಿ ಚೆನ್ನಯರ ಕಥೆಯನ್ನೂ ಪಕ್ಕಕ್ಕಿಟ್ಟು ನೋಡಬಹುದು. ತುಳು ಪಾಡ್ದನದ ಆ ಕಥೆಯನ್ನು ಕನ್ನಡ ಗದ್ಯಕ್ಕೆ ತಂದ ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು, ‘ಹುತ್ತರಿ ಹಾಡು’ ಬರೆದು ಕೊಡಗಿಗೆ ನಾಡಗೀತೆಯಂಥದೊಂದನ್ನು ಕೊಟ್ಟವರು. ಅವಳಿ ವೀರರು ಪಡುಮಲೆ ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಬಂದು ಅಲ್ಲಿನ ಯುದ್ಧದಲ್ಲಿ ಮಡಿಯುತ್ತಾರೆ, ಗರಡಿಗಳಲ್ಲಿ ದೈವಗಳಾಗಿ ಆರಾಧನೆ ಪಡೆಯುತ್ತಾರೆ. ಪೂರ್ವಕ್ಕೆ ಹೋದರೆ ಉತ್ತರ ದೇಶದಿಂದ ಬಂದ ಮಾದೇಶ್ವರ ಎಪ್ಪತ್ತೇಳು ಮಲೆಯಲ್ಲಿ ನಿಂತದ್ದು, ಕಲ್ಯಾಣದಿಂದ ಹೊರಟ ಮಂಟೇಸ್ವಾಮಿ ಬೊಪ್ಪೇಗೌಡನಪುರದಲ್ಲಿ ನಿಂತದ್ದು ನೆನಪಾಗುತ್ತದೆ. ಅಂದರೆ ಇದು ಕೊಡಗಿನ ಏಕಾಂಗಿ ವೈಚಿತ್ರ್ಯವಲ್ಲ. ದಕ್ಷಿಣ ಕರ್ನಾಟಕದ ಆಚರಣಾತ್ಮಕ ಕಥನಗಳ ಸಾಮಾನ್ಯ ನಡೆ.

ಹಾಗಾದರೆ ನಮ್ಮಲ್ಲಿ ಮರಳಿ ಬರುವ ನಾಯಕರೇ ಇಲ್ಲವೆ? ಇದ್ದಾರೆ, ಬೇಕಾದಷ್ಟು. ಏಳು ಸಮುದ್ರದಾಚೆಯ ಹೂವು ತಂದು ರಾಜಕುಮಾರಿಯ ಕೈ ಹಿಡಿದು ಊರಿಗೆ ಬರುವ ಕಿರಿಯ ರಾಜಕುಮಾರ ಪ್ರತಿ ಅಜ್ಜಿಕಥೆಯಲ್ಲೂ ಉಂಟು. ಎ. ಕೆ. ರಾಮಾನುಜನ್ 1986ರಲ್ಲಿ ಪ್ರಕಟವಾದ ತಮ್ಮ ಪ್ರಬಂಧವೊಂದರಲ್ಲಿ ಕನ್ನಡ ಜಾನಪದವನ್ನು ಸಂಗಂ ಕಾವ್ಯಮೀಮಾಂಸೆಯ ಅಗಂ-ಪುರಂ (ಒಳ-ಹೊರ) ವಿಭಾಗ ಹಿಡಿದು ಎರಡು ಲೋಕಗಳಾಗಿ ನೋಡಿದರು. ಅಡುಗೆಮನೆಯಲ್ಲಿ ಹೇಳುವ ಕಥೆಯಲ್ಲಿ ಜನಕ್ಕೂ ಊರಿಗೂ ಹೆಸರಿಲ್ಲ: ಒಂದೂರು, ಒಬ್ಬ ರಾಜ, ಅಷ್ಟೆ. ಊರ ಮುಂದೆ ವೃತ್ತಿಗಾಯಕರು ಹಾಡುವ ಕಾವ್ಯದಲ್ಲಿ ಎಲ್ಲಕ್ಕೂ ಹೆಸರುಂಟು, ಗಡಿಯುಂಟು, ಕುಲವುಂಟು. ಈ ವಿಂಗಡಣೆಗೆ ಕೊಡಗಿನ ಆಧಾರದಿಂದ ಒಂದನ್ನು ಸೇರಿಸಬಹುದು. ಹೆಸರಿಲ್ಲದ ನಾಯಕ ಮರಳುತ್ತಾನೆ. ಹೆಸರುಳ್ಳ ನಾಯಕ ಮರಳುವುದಿಲ್ಲ.

ಇದಕ್ಕೆ ಕಾರಣವನ್ನು ಸ್ಟೂವರ್ಟ್ ಬ್ಲ್ಯಾಕ್‌ಬರ್ನ್ 1985ರ ಲೇಖನವೊಂದರಲ್ಲಿ ಸೂಚಿಸಿದ್ದಾರೆ. ಭಾರತದ ಬಹಳಷ್ಟು ವೀರಕಥನಗಳು ಹುಟ್ಟುವುದು ನಾಯಕನ ಅಕಾಲ ಮರಣದಿಂದ. ಸಾವು ಮೊದಲು, ಪೂಜೆ ಆಮೇಲೆ. ದಿವ್ಯ ಜನನ, ಬಾಲ್ಯದ ಪವಾಡಗಳು ಆರಾಧನೆ ಹಬ್ಬಿದಂತೆಲ್ಲ ಸೇರಿಕೊಂಡವು. ಕೊಡಗಿನಲ್ಲಿ ಕಲಿಯಾಟಂಡ ಪೊನ್ನಪ್ಪ ಸತ್ತ ಮೇಲೆ ಕಲಿಯಾಟ ಅಜ್ಜಪ್ಪನೆಂಬ ದೈವವಾದದ್ದು ಇದಕ್ಕೆ ಹತ್ತಿರದ ನಿದರ್ಶನ. ಪ್ರತಿ ಒಕ್ಕದಲ್ಲೂ (ಮನೆತನದಲ್ಲೂ) ಸಣ್ಣ ಪ್ರಮಾಣದಲ್ಲಿ ಇದು ನಡೆದೇ ಇದೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಸಮೀಪ ಕೈಮಡವೆಂಬ ಪುಟ್ಟ ಗುಡಿ. ಅಲ್ಲಿ ಒಕ್ಕದ ಮೂಲಪುರುಷ ಕಾರಣನಾಗಿ (ಪಿತೃದೈವವಾಗಿ) ಕೂತಿದ್ದಾನೆ. ವರ್ಷಕ್ಕೊಮ್ಮೆ ಅವನಿಗೆ ಅನ್ನ, ಮಾಂಸ, ಮದ್ಯದ ಮೀದಿ (ಎಡೆ). ವೀರ ಮನೆಗೆ ಮರಳುವುದೇ ಆದರೆ ಹೀಗೆ ಮರಳುತ್ತಾನೆ: ಊಟಕ್ಕೆ, ಸತ್ತ ಮೇಲೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಕಥೆಯಿದೆ, ಅದನ್ನು ಮುಚ್ಚಿಡಲಾಗದು. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು 1788ರಲ್ಲಿ ತಪ್ಪಿಸಿಕೊಂಡು ಕೊಡಗಿಗೆ ಬಂದ, ಕಾಡಿನಲ್ಲಿ ಕೊಡವರ ಪಡೆ ಕಟ್ಟಿದ, ರಾಜ್ಯ ಗೆದ್ದ, 1792ರಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದ. ಸೆರೆ, ಪಲಾಯನ, ಪುನರಾಗಮನ, ಪಟ್ಟ: ಕ್ಯಾಂಪ್‌ಬೆಲ್ಲರಿಗೆ ಇದಕ್ಕಿಂತ ಒಪ್ಪವಾದ ಉದಾಹರಣೆ ಸಿಕ್ಕುತ್ತಿರಲಿಲ್ಲ. ಆದರೆ ಇದು ಹಾಡು ಕೊಟ್ಟ ಆಕಾರವಲ್ಲ. ಅವನೇ ಬರೆಸಿದ, 1633ರಿಂದ 1807ರವರೆಗಿನ ವೃತ್ತಾಂತವುಳ್ಳ ಕನ್ನಡ ‘ರಾಜೇಂದ್ರನಾಮೆ’ ಕೊಟ್ಟ ಆಕಾರ. ಗೆದ್ದು ಮರಳಿದವನು ತನ್ನ ಕಥೆಯನ್ನು ತಾನೇ ಬರೆಸುತ್ತಾನೆ. ಮರಳದವನ ಕಥೆಯನ್ನು ಉಳಿದವರು ಹಾಡುತ್ತಾರೆ. ಮರಳಿದ ಆ ದೊರೆಯ ಕೊನೆಯ ವರ್ಷಗಳು ಸಂಶಯದ ಹುಚ್ಚಿನಲ್ಲಿ, ತನ್ನವರನ್ನೇ ಕೊಲ್ಲಿಸುವುದರಲ್ಲಿ ಕಳೆದವು. 1809ರಲ್ಲಿ ಸತ್ತ. ಕಾದಂಬರಿಕಾರನಿಗೆ ನಿಜವಾದ ಸಾಮಗ್ರಿ ಇರುವುದು ಪುನರಾಗಮನದ ನಂತರದ ಆ ಪುಟಗಳಲ್ಲಿ. ಟೋಲ್ಕಿನ್ನರ ಕಥೆಯಲ್ಲೂ ಉಂಗುರ ನಾಶವಾದ ಮೇಲೆ ಊರಿಗೆ ಬಂದ ಫ್ರೋಡೊ ಊರಿನಲ್ಲಿ ಬಾಳಲಾರದೆ ಹಡಗು ಹತ್ತುತ್ತಾನೆ ಎಂಬುದನ್ನು ಅವರ ಅನುಕರಣಕಾರರು ಯಾಕೋ ಸುಲಭವಾಗಿ ಮರೆಯುತ್ತಾರೆ.

ನಾಯಕನ ಜೊತೆಗಾರರ ವಿಷಯದಲ್ಲಿ ಕೊಡಗು ಕೊಡುವ ಸಾಮಗ್ರಿ ಇನ್ನೂ ಅಪರೂಪದ್ದು. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದ ಹಿಂದೆ ಒಂದು ಬೇಟೆಯ ಕಥೆಯಿದೆ. ಅಯ್ಯಪ್ಪ ದೇವರು ಕಾಡಿನ ಜನರನ್ನು ಕರೆದುಕೊಂಡು ಬೇಟೆಗೆ ಹೋದ. ನಡುದಾರಿಯಲ್ಲಿ ಭದ್ರಕಾಳಿ ಎದುರಾದಳು. ದೇವರು ಅವಳಿಗೆ ಮರುಳಾಗಿ, ನಂಬಿ ಬಂದವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟ. ಆ ಸಿಟ್ಟಿಗೆ ಜೇನು ಕುರುಬರು, ಬೆಟ್ಟ ಕುರುಬರು, ಯರವರು ವರ್ಷಕ್ಕೊಮ್ಮೆ ದೇವರನ್ನು ಬೈಯುತ್ತಾರೆ. ಗಂಡಸರು ಹೆಣ್ಣುಡುಗೆ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಸೋರೆಬುರುಡೆ, ತಗಡಿನ ಡಬ್ಬ, ಪ್ಲಾಸ್ಟಿಕ್ ಡ್ರಮ್ಮು ಬಡಿಯುತ್ತ ತೋಟದ ಮನೆಗಳಿಗೂ ಪೇಟೆಗೂ ನುಗ್ಗುತ್ತಾರೆ. ಬಸ್ಸು ಕಾರು ನಿಲ್ಲಿಸುತ್ತಾರೆ. ಮುದ್ರಿಸಲಾಗದ ಬೈಗುಳವನ್ನು ಹಾಡಿ ಕಾಸು ಕೇಳುತ್ತಾರೆ. ತೋಟದ ಯಜಮಾನ, ಅಂಗಡಿಯವನು, ಪೊಲೀಸಿನವನು ಎಂಬ ಭೇದವಿಲ್ಲ. ಕೊನೆಗೆ ದೇವಸ್ಥಾನಕ್ಕೆ ಬಂದು ಕಾಣಿಕೆ ಹಾಕಿ, ಬೈದದ್ದಕ್ಕೆ ತಪ್ಪೊಪ್ಪಿಕೊಂಡು ಹೋಗುತ್ತಾರೆ.

ಪತ್ರಿಕೆಗಳು ಇದನ್ನು ಪ್ರತಿ ಮೇ ತಿಂಗಳಲ್ಲಿ ‘ಬೈಗುಳದ ಹಬ್ಬ’ ಎಂದು ತಮಾಷೆಯ ಸುದ್ದಿ ಮಾಡುತ್ತವೆ. ವೀರಯಾತ್ರೆಯ ದೃಷ್ಟಿಯಿಂದ ನೋಡಿದರೆ ಇದರಷ್ಟು ಗಂಭೀರ ವಿಮರ್ಶೆ ಇನ್ನೊಂದಿಲ್ಲ. ನಕ್ಷೆಯಲ್ಲಿ ಜೊತೆಗಾರರು ಇರುವುದೇ ನಾಯಕನಿಗೆ ಒದಗುವುದಕ್ಕೆ. ಅವನ ದಾರಿ ತಿರುಗಿದ ಕಡೆ ಅವರು ಕಥೆಯಿಂದ ಸದ್ದಿಲ್ಲದೆ ಉದುರುತ್ತಾರೆ. ಇಲ್ಲಿ ಉದುರಿದವರು ಸುಮ್ಮನಿಲ್ಲ. ಹೊತ್ತವರು, ಕಾಡಿನ ಜಾಡು ತೋರಿದವರು, ಕೊನೆಗೆ ಬಿಟ್ಟುಹೋದವರ ಲೆಕ್ಕ ಇಟ್ಟುಕೊಂಡವರು ಅವರೇ. ಕೊಡಗಿನ ಗದ್ದೆ-ತೋಟಗಳಲ್ಲಿ ಯರವರೂ ಕುರುಬರೂ ತಲೆಮಾರುಗಳಿಂದ ದುಡಿದ ಪರಿಯನ್ನು ಬಲ್ಲವರಿಗೆ ಆ ಸಿಟ್ಟು ದೇವರೊಬ್ಬನ ಮೇಲಿನದಷ್ಟೇ ಅಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಯಕ ಹೋದ ಮೇಲೆ ಕಾಡಿನಲ್ಲಿ ಉಳಿದವರ ಕಡೆಯಿಂದ ಹೇಳಿದ ಫ್ಯಾಂಟಸಿ ಕಾದಂಬರಿಯೊಂದು ಕನ್ನಡದಲ್ಲಿ ಬರಬೇಕು ಎಂದು ನನ್ನ ಆಸೆ.

ಕಾಡಿನ ಬಗ್ಗೆಯೂ ಒಂದು ಮಾತು. ನಕ್ಷೆಯ ಪ್ರಕಾರ ಕಾಡೆಂದರೆ ಊರಿನ ಗಡಿಯಾಚೆಗಿನ ಅಪರಿಚಿತ ಲೋಕ. ಕೊಡಗಿನಲ್ಲಿ ಸುಮಾರು 1,200 ದೇವರಕಾಡುಗಳು ದಾಖಲಾಗಿವೆ. ಅವು ಊರಾಚೆ ಇಲ್ಲ, ಊರ ನಡುವೆ, ಗದ್ದೆ ಬದಿಯಲ್ಲಿ, ತೋಟಕ್ಕೆ ತಾಗಿ ಇವೆ. ಪ್ರತಿಯೊಂದಕ್ಕೂ ಒಡೆಯನಿದ್ದಾನೆ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕೂತಿರುತ್ತವೆ: ಕಿವಿ ಮುರಿದವು, ಪಾಚಿ ಕಟ್ಟಿದವು, ಮೊನ್ನೆಯಷ್ಟೇ ತಂದಿಟ್ಟ ಕೆಂಪಗಿನವು. ಬೇಟೆಗಾರ ದೇವರಿಗೆ ಬೇಟೆನಾಯಿಯ ಕಾಣಿಕೆ. ಇಂಥ ಕಾಡನ್ನು ‘ಅಪರಿಚಿತ ಲೋಕ’ ಮಾಡುವುದು ಕಷ್ಟ. ಅಲ್ಲಿ ನಾಯಕನಿಗೆ ಎದುರಾಗುವ ಮೊದಲ ಪ್ರಶ್ನೆ ‘ಇಲ್ಲಿ ಯಾವ ರಾಕ್ಷಸನಿದ್ದಾನೆ’ ಎಂಬುದಲ್ಲ, ‘ಯಾರನ್ನು ಕೇಳಿ ಒಳಗೆ ಬಂದೆ’ ಎಂಬುದು. ಗಡಿ ಬೇಕೆನ್ನುವವರಿಗೆ ಕಡಂಗಗಳಿವೆ. ಹಳೆಯ ಕಾಲದಲ್ಲಿ ನಾಡುನಾಡುಗಳ ನಡುವೆ ತೋಡಿದ ಆಳವಾದ ಕಂದಕ-ದಿಣ್ಣೆಗಳು ಕಾಫಿ ಗಿಡಗಳ ನಡುವೆ ಈಗಲೂ ಹಾದುಹೋಗುತ್ತವೆ. 12 ಕೊಂಬು, 35 ನಾಡು ಎಂದು ಹಂಚಿಕೊಂಡ ಪುಟ್ಟ ದೇಶದಲ್ಲಿ ಒಂದು ಕಡಂಗ ದಾಟುವುದೇ ಸಾಹಸ.

ಇನ್ನು ವೀರ ಎಂದರೆ ಯಾರು? ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಕೋವಿ ಹಾರಿಸಿ, ಹರಳುಗಿಡದ ಕಡ್ಡಿಯಲ್ಲಿ ಮಾಡಿದ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುವ ಪದ್ಧತಿಯನ್ನು ರಿಕ್ಟರ್ ಕಾಲದಿಂದಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಹುಲಿ ಕೊಂದವನಿಗೆ ನಡೆಯುತ್ತಿದ್ದ ನರಿಮಂಗಲವೂ ಪ್ರಸಿದ್ಧ (ಕೊಡವ ತಕ್ಕ್‌ನಲ್ಲಿ ಹುಲಿಗೆ ನರಿ ಎನ್ನುತ್ತಾರೆ). ಕುಪ್ಯ-ಚೇಲೆ ತೊಟ್ಟ ಬೇಟೆಗಾರನನ್ನು ಮದುಮಗನ ಹಾಗೆ ಕೂರಿಸಿ, ಬಂದವರು ಅಕ್ಕಿ ಹಾಕಿ ಹರಸಿ, ಕಿಂಡಿಯಿಂದ ಹಾಲು ಕುಡಿಸಿ, ಕೈಗೆ ಕಾಸು ಕೊಡುತ್ತಿದ್ದರು. ಫ್ಯಾಂಟಸಿ ಬರೆಯುವವರಿಗೆ ಈ ದೃಶ್ಯ ಆಕರ್ಷಕ, ಬಳಕೆಯೂ ಆಗಿದೆ. ಆದರೆ ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಗ್ರಂಥದಲ್ಲಿ ಮಂಗಲವೆಂಬ ಆಚರಣೆಯನ್ನು ವಿಶ್ಲೇಷಿಸಿದ ಪುಟಗಳನ್ನು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಮಂಗಲ ಹುಲಿ ಕೊಂದವನಿಗೆ ಮೀಸಲಾದ ಗೌರವವಲ್ಲ. ಮದುವೆ ಒಂದು ಮಂಗಲ, ಕಿವಿ ಚುಚ್ಚುವುದು ಒಂದು ಮಂಗಲ. ಮನೆ ಕಟ್ಟಿಸಿದವನಿಗೂ, ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಲವುಂಟು. ಅದೇ ಅಕ್ಕಿ, ಅದೇ ಹಾಲು. ಹುಲಿಯ ಎದುರು ನಿಂತದ್ದೂ ಹತ್ತು ಹೆರಿಗೆ ದಾಟಿದ್ದೂ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತವೆ. ಹೆಣ್ಣು ನಾಯಕಿ ಬೇಕೆಂದರೆ ಅವಳ ಕೈಗೆ ಕತ್ತಿ ಕೊಡುವುದೊಂದೇ ದಾರಿಯೆಂದು ತಿಳಿದ ಕಥೆಗಾರರು ಇದನ್ನು ಗಮನಿಸಬೇಕು.

ಇಷ್ಟರಿಂದ ಬರೆಯುವವರಿಗೆ ಸಿಗುವ ಉಪಯೋಗವೇನು? ಕೊಡಗನ್ನು ಆಧರಿಸಿದ ಕಲ್ಪಿತ ಕಥೆಗಳು ಸಾಮಾನ್ಯವಾಗಿ ಎಡವುವುದು ಒಂದೇ ಜಾಗದಲ್ಲಿ: ಹೆಸರುಗಳನ್ನು ಪಾಟ್‌ನಿಂದ ತರುತ್ತಾರೆ, ನಡಿಗೆಯನ್ನು ಅಜ್ಜಿಕಥೆಯಿಂದಲೋ ಹಾಲಿವುಡ್ಡಿನಿಂದಲೋ ತರುತ್ತಾರೆ. ಪೀಚೆಕತ್ತಿ, ಒಡಿಕತ್ತಿ, ಐನ್‌ಮನೆ, ಮಂಜು, ಬೆಟ್ಟ ಎಲ್ಲವೂ ಇರುತ್ತವೆ. ನಾಯಕ ಮಾತ್ರ ಒಕ್ಕವಿಲ್ಲದ ಒಬ್ಬಂಟಿ. ಒಕ್ಕವಿಲ್ಲದ ಕೊಡವ ವೀರನನ್ನು ಯಾವ ಪಾಟ್‌ಕಾರನೂ ಹಾಡಲಾರ. ಮರಳಿ ಬರುವ ನಾಯಕನೇ ಬೇಕಾದರೆ ಹೆಸರುಗಳನ್ನು ಕಳಚಿ ಅಜ್ಜಿಕಥೆಯ ‘ಒಂದೂರು’ ಕಟ್ಟಿಕೊಳ್ಳುವುದು ಪ್ರಾಮಾಣಿಕ. ಕೊಡಗೇ ಬೇಕೆಂದರೆ ಸಾವಿನಿಂದ ಶುರುಮಾಡಿ ಹಿಂದಕ್ಕೆ ನಡೆಯಿರಿ, ಯಾತ್ರೆಯ ಫಲವನ್ನು ಮುಂದಿನ ತಲೆಮಾರಿಗೆ ಬಿಡಿ. ಚಂದ್ರವರ್ಮನನ್ನು ದಯವಿಟ್ಟು ಮತ್ಸ್ಯ ದೇಶಕ್ಕೆ ವಾಪಸು ಕಳಿಸಬೇಡಿ.

‘ಪಟ್ಟೋಲೆ ಪಳಮೆ’ಯ ವೀರರು ಯಾರೂ ಅನಾಥರಲ್ಲ ಎಂಬುದನ್ನೂ ನೆನಪಿಡಬೇಕು. ಅವರ ಒಕ್ಕಗಳಲ್ಲಿ ಹಲವು ಇವತ್ತಿಗೂ ಅದೇ ಹೆಸರಿನಲ್ಲಿ ಬದುಕಿವೆ, ಕೈಮಡದಲ್ಲಿ ದೀಪ ಹಚ್ಚುತ್ತಿವೆ. ಕಥೆಗೆ ಬೇಕೆಂದು ಅಂಥ ಹೆಸರೊಂದನ್ನು ಎತ್ತಿಕೊಂಡು ಖಳನನ್ನೋ ಮಾಟಗಾರನನ್ನೋ ಮಾಡುವುದಕ್ಕೆ ಮೊದಲು, ಆ ಐನ್‌ಮನೆಗೆ ಹೋಗಿ ಒಕ್ಕದ ಯಜಮಾನರಾದ ಪಟ್ಟೆದಾರರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಹೆಸರು ಬದಲಿಸಿ.